ಬಿತ್ತಾ, ಬಿದ್ದೀತಾ, ಬಿದ್ದಿದ್ದರೆ? ಲೋಜ್ಬಾನ್‌ನಲ್ಲಿ ನಡೆದದ್ದನ್ನೂ ನಡೆಯದ್ದನ್ನೂ ಬೇರೆ ಮಾಡಿ ಹೇಳೋದು ಹೇಗೆ

ಅಡುಗೆಮನೆ ಕಟ್ಟೆಯ ತುದೀಲಿ ಒಂದು ಗಾಜಿನ ಲೋಟ ಇದೆ. ಅರ್ಧ ಒಳಗೆ, ಅರ್ಧ ಹೊರಗೆ. ಅಮ್ಮ ಕೂಗ್ತಾರೆ: "ಲೋಟ ಬಿದ್ದೀತು, ಹುಷಾರು!"

ಆ ಮಾತನ್ನು ಸ್ವಲ್ಪ ಹತ್ತಿರದಿಂದ ನೋಡಿ. ಲೋಟ ಬಿದ್ದಿಲ್ಲ. ಬಿದ್ದೇ ಬೀಳುತ್ತೆ ಅಂತಲೂ ಅಮ್ಮ ಹೇಳಲಿಲ್ಲ. ಬೀಳೋದಕ್ಕೆ ದಾರಿ ಇದೆ, ಅಷ್ಟೇ. ಕೊನೆಯ 'ಈತು' ಒಂದೇ ಇಷ್ಟೂ ಕೆಲಸ ಮಾಡಿತು. ವ್ಯಾಕರಣದ ಪುಸ್ತಕಗಳು ಇದನ್ನು ಸಂಭಾವನೆಯ ರೂಪ ಅಂತ ಕರೀತಾವೆ. ನಾವು ಹೆಸರು ಗೊತ್ತಿಲ್ಲದೇ ದಿನಾ ಬಳಸ್ತೀವಿ.

ಲೋಜ್ಬಾನ್ ಅನ್ನೋ ಕಟ್ಟಿದ ಭಾಷೆಯನ್ನು ಕಲಿಯೋಕೆ ಕೂತಾಗ ನಾನು ಮೊದಲು ಹುಡುಕಿದ್ದು ಈ 'ಈತು'ವನ್ನೇ. ಒಂದೇ ಪದವಾಗಿ ಸಿಗಲಿಲ್ಲ. ಅದರ ಬದಲು ಒಂದಷ್ಟು ಚಿಕ್ಕ ಪದಗಳು ಸಿಕ್ಕವು, ಒಂದೊಂದಕ್ಕೂ ಒಂದೊಂದೇ ಕೆಲಸ. ಅವನ್ನು ಯಾವ ಕ್ರಮದಲ್ಲಿ ಕಲಿತರೆ ಗೊಂದಲ ಆಗೋದಿಲ್ಲ ಅಂತ ಇಲ್ಲಿ ಬರೀತಿದ್ದೀನಿ. ಕನ್ನಡ ಗೊತ್ತಿರೋರಿಗೆ ಅರ್ಧ ದಾರಿ ಆಗಲೇ ಸವೆದಿದೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಭಾಷೆಯ ಹಿನ್ನೆಲೆ ಎರಡು ಮಾತಲ್ಲಿ. 1955ರಲ್ಲಿ ಅಮೆರಿಕದ ಜೇಮ್ಸ್ ಕುಕ್ ಬ್ರೌನ್ ಅವರು ಲೋಗ್ಲಾನ್ ಎಂಬ ತರ್ಕದ ಭಾಷೆಯನ್ನು ಕಟ್ಟೋಕೆ ಶುರು ಮಾಡಿದರು. ನಾವಾಡುವ ಭಾಷೆ ನಮ್ಮ ಯೋಚನೆಯನ್ನು ತಿದ್ದುತ್ತದೆಯೇ ಅಂತ ಪರೀಕ್ಷಿಸೋದು ಅವರ ಉದ್ದೇಶ. ಮುಂದೆ ಹಕ್ಕುಸ್ವಾಮ್ಯದ ತಕರಾರು ಬಂತು. 1987ರಲ್ಲಿ ಲಾಜಿಕಲ್ ಲ್ಯಾಂಗ್ವೇಜ್ ಗ್ರೂಪ್ ಬೇರೆಯಾಗಿ ಕೆಲಸ ಹಿಡಿದು ಲೋಜ್ಬಾನ್ ಕಟ್ಟಿತು. ಅದರ ಪೂರ್ಣ ವ್ಯಾಕರಣ 1997ರಲ್ಲಿ ಅಚ್ಚಾಯಿತು. ಮೂಲ ಪದಗಳನ್ನು ಚೀನಿ, ಹಿಂದಿ, ಇಂಗ್ಲಿಷ್, ರಷ್ಯನ್, ಸ್ಪ್ಯಾನಿಷ್, ಅರಬ್ಬಿ ಈ 6 ಭಾಷೆಗಳ ಪದಗಳನ್ನು ಬೆರೆಸಿ ಮಾಡಿದ್ದಾರೆ.

ಓದುವ ಮೊದಲು

ಲೋಜ್ಬಾನ್ ಪದಗಳನ್ನೆಲ್ಲ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೀನಿ. ಉಚ್ಚಾರಣೆ ಬರೆದ ಹಾಗೇ. ಸ್ವರಗಳನ್ನು ಎಳೀಬೇಡಿ. ಜ಼ ಅಂತ ಬರೆದಲ್ಲಿ 'ಜ಼ೂ'ನಲ್ಲಿ ಬರುವ ಸದ್ದು.

ಉದಾಹರಣೆಗಳಿಗೆ ಬೇಕಾದ ಪದಗಳು ಕೆಲವೇ. ಕಬ್ರಿ ಅಂದರೆ ಲೋಟ. ಫರ್ಲು ಬೀಳು. ಪೊರ್ಪಿ ಒಡೆ. ಮ್ಲತು ಬೆಕ್ಕು. ಪ್ಲಿಪೆ ಜಿಗಿ. ಲಿಮ್ನ ಈಜು. ಶರ್ವಿ ಮಳೆ ಬೀಳು. ಮಿ ನಾನು, ದೊ ನೀನು. ಹೆಸರಿನ ಮುಂದೆ ಲೊ ಬರುತ್ತೆ. ಶು ಅನ್ನೋದು ಬರೀ ಗೋಡೆ: ಇಲ್ಲಿಗೆ ಹೆಸರು ಮುಗೀತು, ಇಲ್ಲಿಂದ ಮುಖ್ಯ ಪದ ಶುರು ಅಂತ ಹೇಳೋದಷ್ಟೇ ಅದರ ಕೆಲಸ. ಕಾಲ ತೋರಿಸೋಕೆ ಪು (ಆಗಿಹೋದದ್ದು), ಶ (ಈಗ), ಬ (ಮುಂದೆ).

ಹೆಜ್ಜೆ 1: ಬರೀ ವಾಕ್ಯ ಏನನ್ನೂ ಖಚಿತ ಮಾಡೋದಿಲ್ಲ ಅಂತ ಒಪ್ಪಿಕೊಳ್ಳಿ

ಲೊ ಕಬ್ರಿ ಶು ಪೊರ್ಪಿ.

ಇದರ ಅರ್ಥ 'ಲೋಟ ಒಡೆಯಿತು' ಅಂತ ಬರೆದುಕೊಂಡರೆ ತಪ್ಪಾಗುತ್ತೆ. ಒಡೆಯಿತು, ಒಡೀತಿದೆ, ಒಡೆಯುತ್ತೆ, ಒಡೆಯುವ ಸ್ವಭಾವದ್ದು, ಎಲ್ಲವೂ ಇದರಲ್ಲಿ ಅಡಗಿವೆ. ಕಾಲವನ್ನು ಹೇಳದೇ ಬಿಟ್ಟರೆ ಲೋಜ್ಬಾನ್ ಅದನ್ನು ತೆರೆದೇ ಇಡುತ್ತೆ. ನಿಜವಾಗಿ ನಡೀತಾ ಅನ್ನೋದನ್ನೂ ಹಾಗೇ.

ಇದು ನಮಗೇನೂ ಹೊಸದಲ್ಲ. "ಹುಷಾರಾಗಿ ಇಡು, ಗಾಜು ಒಡೆಯುತ್ತೆ" ಅಂತೀವಿ. ಅಂಗಡಿಯಿಂದ ಈಗ ತಾನೇ ತಂದ ಲೋಟ ಅದು. ಒಮ್ಮೆಯೂ ಒಡೆದಿಲ್ಲ, ಮುಂದೆ ಒಡೆಯದೇ ಮೊಮ್ಮಕ್ಕಳ ಕಾಲದವರೆಗೂ ಇರಬಹುದು. ಆದರೂ 'ಗಾಜು ಒಡೆಯುತ್ತೆ' ಅನ್ನೋದು ನಿಜ. ಬರೀ ಲೋಜ್ಬಾನ್ ವಾಕ್ಯವನ್ನು ಈ 'ಒಡೆಯುತ್ತೆ'ಯ ಹಾಗೆ ಓದೋದನ್ನು ರೂಢಿ ಮಾಡಿಕೊಳ್ಳಿ.

ಕಾಲ ಸೇರಿಸಿದರೂ ಈ ಸಡಿಲ ಪೂರ್ತಿ ಹೋಗೋದಿಲ್ಲ. 'ಶ ಪೊರ್ಪಿ' ಅಂದರೆ 'ಈಗ ಒಡೆಯುವಂಥದ್ದು' ಅಂತಲೂ ಓದಬಹುದು. ನಡೆದದ್ದು, ನಡೆಯದ್ದು ಅನ್ನೋದಕ್ಕೆ ಬೇರೆಯೇ ಪದಗಳು ಬೇಕು.

ಹೆಜ್ಜೆ 2: ನಾಲ್ಕು ಚಿಕ್ಕ ಪದಗಳು

ಎಲ್ಲದರ ಬುಡ ಇಲ್ಲಿದೆ. ಇಲ್ಲಿ ಜಾಸ್ತಿ ಹೊತ್ತು ನಿಲ್ಲಿ.

ಶಹ: ನಿಜವಾಗಿ ನಡೆದದ್ದು ಅಥವಾ ನಡೆಯುವುದು.
ಕಹೆ: ಆ ಗುಣ, ಆ ಶಕ್ತಿ ಇದೆ. ನಡೀತೋ ಇಲ್ಲವೋ ಹೇಳೋದಿಲ್ಲ.
ನುಹೊ: ಶಕ್ತಿ ಇದೆ, ಆದರೆ ಇನ್ನೂ ನಡೆದಿಲ್ಲ.
ಪುಹಿ: ಶಕ್ತಿ ಇದೆ, ನಡೆದೂ ಇದೆ.

ಈಜಿನ ಮೇಲೆ ಹಾಕಿ ನೋಡಿ. 'ಮಿ ಕಹೆ ಲಿಮ್ನ' ಅಂದರೆ ನಾನು ಈಜಬಲ್ಲೆ. 'ಮಿ ಪುಹಿ ಲಿಮ್ನ' ಅಂದರೆ ನನಗೆ ಈಜೋಕಾಗುತ್ತೆ, ಈಜಿಯೂ ಇದ್ದೀನಿ. 'ಮಿ ನುಹೊ ಲಿಮ್ನ' ಅಂದರೆ ಆ ಶಕ್ತಿ ನನ್ನಲ್ಲಿದೆ, ಇನ್ನೂ ನೀರಿಗೆ ಇಳಿದಿಲ್ಲ. 'ಮಿ ಶಹ ಲಿಮ್ನ' ಅಂದರೆ ಈಜು ಬರೀ ಶಕ್ತಿಯಾಗಿ ಉಳಿದಿಲ್ಲ, ನಿಜವಾಗಿಯೂ ಉಂಟು.

ಯಾವಾಗ? ಅದನ್ನು ಶಹ ಹೇಳೋದಿಲ್ಲ. ಬಹಳ ಜನ ಎಡವೋದು ಇಲ್ಲೇ. ಶ ಅಂದರೆ 'ಈಗ', ಶಹ ಅಂದರೆ 'ನಿಜವಾಗಿ'. ಕಿವಿಗೆ ಎರಡೂ ಅಕ್ಕಪಕ್ಕದ ಪದ, ಕೆಲಸ ಬೇರೆ ಬೇರೆ. ಪು ಮತ್ತು ಪುಹಿಗೂ ಇದೇ ಮಾತು. 'ಲೋಟ ನಿಜವಾಗಿ ಬಿತ್ತು' ಅಂತ ಹೇಳೋಕೆ ಎರಡನ್ನೂ ಸೇರಿಸಬೇಕು:

ಲೊ ಕಬ್ರಿ ಪು ಶಹ ಫರ್ಲು.

ಕಾಲ ಮೊದಲು, ಶಹ ಆಮೇಲೆ. ಈ ಕ್ರಮ ತಿರುಗಿಸಬೇಡಿ, ವ್ಯಾಕರಣ ಒಪ್ಪೋದಿಲ್ಲ. 'ಪು ಕಹೆ ಲಿಮ್ನ' ಅಂದರೆ ಆಗ ಈಜೋಕೆ ಆಗ್ತಿತ್ತು. 'ಪು ನುಹೊ ಫರ್ಲು' ಅಂದರೆ ಆ ಹೊತ್ತಿಗೆ ಬೀಳುವಂತಿತ್ತು, ಆದರೆ ಬಿದ್ದಿರಲಿಲ್ಲ. ಕಟ್ಟೆಯ ತುದಿಯ ಲೋಟಕ್ಕೆ ಹೇಳಿ ಮಾಡಿಸಿದ ಮಾತು, ಅಲ್ವಾ?

ಕಹೆ ಬಗ್ಗೆ ಒಂದು ಎಚ್ಚರಿಕೆ. ಅದು ಒಳಗಿನ ಗುಣದ ಮಾತು. ಕನ್ನಡದಲ್ಲಿ 'ಈಜಬಲ್ಲೆ' ಬೇರೆ, 'ಈಜಬಹುದು' ಬೇರೆ. ಕೆರೆ ತುಂಬಿದೆ, ಕಾವಲುಗಾರ ಬೇಡ ಅನ್ನಲಿಲ್ಲ, ಹಾಗಾಗಿ ಇವತ್ತು ಈಜಬಹುದು. ಇದಕ್ಕೆ ಕಹೆ ಹಾಕಿದರೆ ಅರ್ಥ ಪಕ್ಕಕ್ಕೆ ಸರಿಯುತ್ತೆ. ಸಂದರ್ಭ ಕೂಡಿ ಬಂದರೆ ಸಾಧ್ಯ ಅನ್ನೋದಕ್ಕೆ ಶುಮ್ಕಿ ಅನ್ನೋ ಪದ ಇದೆ: 'ಲೊ ನು ಮಿ ಲಿಮ್ನ ಶು ಶುಮ್ಕಿ', ನಾನು ಈಜೋದು ಸಾಧ್ಯ ಇದೆ. ಬಲ್ಲೆ ಅಂದರೆ ಕಹೆ, ಬಹುದು ಅಂದರೆ ಶುಮ್ಕಿ. ಕನ್ನಡದಲ್ಲಿ ಈ ಎರಡನ್ನು ಬೇರೆ ಮಾಡಿ ಮಾತಾಡೋರಿಗೆ ಇದು ಸಲೀಸು.

ಇಲ್ಲ ಅನ್ನೋದನ್ನು ಸೇರಿಸಿದಾಗ ಏನಾಗುತ್ತೆ ಅಂತಲೂ ಈಗಲೇ ನೋಡಿಬಿಡಿ. ಇಲ್ಲ ಅನ್ನೋಕೆ ನ. 'ಮಿ ನ ಕಹೆ ಲಿಮ್ನ' ಸುಲಭ: ನನ್ನಿಂದ ಈಜೋಕಾಗೋದಿಲ್ಲ. 'ಮಿ ನ ನುಹೊ ಲಿಮ್ನ' ಅಂದರೆ? ನುಹೊದೊಳಗೆ ಎರಡು ಮಾತಿವೆ: ಆಗುತ್ತೆ, ಮತ್ತು ಆಗಿಲ್ಲ. ಇಡೀ ಜೋಡಿ ಸುಳ್ಳು ಅಂತ ನ ಹೇಳುತ್ತೆ. ಜೋಡಿ ಸುಳ್ಳಾಗೋಕೆ ಒಂದು ಸುಳ್ಳಾದರೂ ಸಾಕು. ಹಾಗಾಗಿ ಇದರ ಅರ್ಥ: ಒಂದೋ ನನ್ನಿಂದ ಆಗೋದೇ ಇಲ್ಲ, ಇಲ್ಲಾ ನಾನು ಆಗಲೇ ಈಜಿದ್ದೀನಿ. ಯಾರಾದರೂ 'ಖು ದೊ ನುಹೊ ಲಿಮ್ನ' ಅಂತ ಕೇಳಿದಾಗ (ಖು ಅಂದರೆ ನಮ್ಮ ಪ್ರಶ್ನೆಯ 'ಆ', ಬಂದ್ಯಾ, ಹೋದ್ಯಾ ಅನ್ನೋದರಲ್ಲಿ ಇರೋದು) ಬರೀ ಇಲ್ಲ ಅಂದರೆ ಅವರಿಗೆ ಏನೂ ತಿಳಿಯೋದಿಲ್ಲ. ಪುಹಿ ಅಥವಾ 'ನ ಕಹೆ' ಹಾಕಿ ಬಿಡಿಸಿ ಹೇಳಿ.

ಹೆಜ್ಜೆ 3: ಘಟನೆಯನ್ನು ಪೊಟ್ಟಣ ಕಟ್ಟುವ 'ನು'

ಕನ್ನಡದಲ್ಲಿ ಬಿದ್ದದ್ದು ಅಂತೀವಿ, ಬೀಳೋದು ಅಂತೀವಿ. ಇಡೀ ಘಟನೆ ಒಂದು ಹೆಸರಾಗಿಬಿಡುತ್ತೆ. ಲೋಜ್ಬಾನ್‌ನಲ್ಲಿ ಆ ಕೆಲಸ ನು ಮಾಡುತ್ತೆ. 'ಲೊ ನು ಲೊ ಕಬ್ರಿ ಶು ಫರ್ಲು' ಅಂದರೆ ಲೋಟ ಬೀಳುವ ಘಟನೆ.

ವ್ಯತ್ಯಾಸ ಏನೆಂದರೆ, 'ಲೋಟ ಬಿದ್ದದ್ದು' ಅಂದ ಕೂಡಲೇ ಬಿತ್ತು ಅಂತ ಒಪ್ಪಿಕೊಂಡ ಹಾಗೆ. 'ಬೀಳೋದು' ಅಂದರೆ ಹಾಗಿಲ್ಲ. ಲೋಜ್ಬಾನ್‌ನ ನು ಎರಡನೆಯ ಜಾತಿಯದು. ಘಟನೆಯನ್ನು ಹೆಸರಿಸುತ್ತೆ, ನಡೀತು ಅಂತ ಸಾಕ್ಷಿ ಹೇಳೋದಿಲ್ಲ.

ಮಿ ತೆರ್ಪ ಲೊ ನು ಲೊ ಕಬ್ರಿ ಶು ಫರ್ಲು. ಲೋಟ ಬೀಳೋದರ ಹೆದರಿಕೆ ನನಗೆ.

ಅಮ್ಮನ ಮಾತಿನ ಒಂದು ಪಾಲು ಇಲ್ಲಿ ಸಿಕ್ಕಿತು. ಹೆದರಿಕೆ ನಿಜ, ಬೀಳೋದು ಬರೀ ಹೆಸರು. ಕನಸಿಗೂ ಹೀಗೇ: 'ಮಿ ಸೆನ್ವ ಲೊ ನು ಮಿ ವೊಫ್ಲಿ', ಹಾರೋ ಕನಸು ಕಾಣ್ತೀನಿ. ಕನಸು ಉಂಟು, ಹಾರಾಟ ಇಲ್ಲ. ನಡೀತು ಅಂತಲೇ ಹೇಳಬೇಕಾದರೆ ಫಸ್ನು ಅನ್ನೋ ಪದ ಸೇರಿಸಿ: 'ಲೊ ನು ಲೊ ಕಬ್ರಿ ಶು ಫರ್ಲು ಶು ಫಸ್ನು', ಲೋಟ ಬೀಳೋದು ನಡೀತು.

ನನಗೆ ಈ ಭಾಷೆಯಲ್ಲಿ ತುಂಬ ಇಷ್ಟವಾದ ಜಾಗ ಇದಾದ ಮೇಲೆ ಬರುತ್ತೆ. ಕಾರಣ ಹೇಳುವ ಮೂರು ಬಗೆ. ಮೂರರಲ್ಲೂ ಬೆಕ್ಕು, ಲೋಟ ಅವೇ. ನಾವು ಎಷ್ಟಕ್ಕೆ ಸಾಕ್ಷಿ ನಿಲ್ತೀವಿ ಅನ್ನೋದು ಮಾತ್ರ ಬೇರೆ.

ಮೊದಲನೆಯದು: 'ಲೊ ನು ಲೊ ಮ್ಲತು ಶು ಪ್ಲಿಪೆ ಶು ರಿನ್ಕ ಲೊ ನು ಲೊ ಕಬ್ರಿ ಶು ಫರ್ಲು.' ಬೆಕ್ಕು ಜಿಗಿಯೋದು ಲೋಟ ಬೀಳೋದಕ್ಕೆ ಕಾರಣ. ಎರಡು ಘಟನೆಗಳ ನಂಟನ್ನು ಮಾತ್ರ ಹೇಳಿದೆವು. ಬೆಕ್ಕು ಜಿಗಿಯಿತು ಅಂತಿಲ್ಲ, ಲೋಟ ಬಿತ್ತು ಅಂತಲೂ ಇಲ್ಲ.

ಎರಡನೆಯದು: 'ಲೊ ಕಬ್ರಿ ಶು ಫರ್ಲು ರಿಹ ಲೊ ನು ಲೊ ಮ್ಲತು ಶು ಪ್ಲಿಪೆ.' ಈಗ ಲೋಟದ ಮಾತು ಪೊಟ್ಟಣದಿಂದ ಹೊರಗೆ ಬಂತು. ಅದಕ್ಕೆ ನಾವು ಹೊಣೆ. ಬೆಕ್ಕಿನ ಜಿಗಿತ ಮಾತ್ರ ಇನ್ನೂ ನು ಒಳಗೇ ಇದೆ.

ಮೂರನೆಯದು: 'ಲೊ ಕಬ್ರಿ ಶು ಫರ್ಲು ಇ ರಿಹ ಬೊ ಲೊ ಮ್ಲತು ಶು ಪ್ಲಿಪೆ.' ಲೋಟ ಬಿತ್ತು, ಯಾಕಂದರೆ ಬೆಕ್ಕು ಜಿಗಿಯಿತು. ಇ ಅಂದರೆ ಹೊಸ ವಾಕ್ಯ ಶುರು; ಬೊ ಜೊತೆ ಸೇರಿ ರಿಹ ಎರಡು ವಾಕ್ಯಗಳನ್ನು ಕಟ್ಟುತ್ತೆ. ಎರಡಕ್ಕೂ ಹೊಣೆ ನಮ್ಮದೇ.

ಒಂದು ಹಾಳೆಯಲ್ಲಿ ಈ ಮೂರನ್ನು ಒಂದರ ಕೆಳಗೊಂದು ಬರೆದು, ನು ಬಂದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ. ಸುತ್ತಿನ ಒಳಗಿರೋದಕ್ಕೆ ಸಾಕ್ಷಿ ಇಲ್ಲ, ಹೊರಗಿರೋದಕ್ಕೆ ಇದೆ. ಎಷ್ಟೋ ದಿನ ನನಗೆ ಹಿಡಿತಕ್ಕೆ ಸಿಗದ ವಿಷಯ ಹೀಗೆ ಸುತ್ತು ಹಾಕಿದ ಮೇಲೆ ಒಂದೇ ಸಂಜೆಯಲ್ಲಿ ತಿಳಿಯಿತು.

ಹೆಜ್ಜೆ 4: ಒಂದು ವೇಳೆ

'ಆದರೆ', 'ಇದ್ದರೆ' ಅನ್ನೋ ಷರತ್ತಿಗೆ ಲೋಜ್ಬಾನ್‌ನ ತರ್ಕದ ಜೋಡಿ ಗನೈ ಮತ್ತು ಗಿ.

ಗನೈ ಶರ್ವಿ ಗಿ ಮಿ ಸ್ತಲಿ. ಮಳೆ ಬಂದರೆ ಇಲ್ಲೇ ಇರ್ತೀನಿ.

ಇದು ಗಣಿತದ ಷರತ್ತು. ಮೊದಲ ಭಾಗ ನಿಜ, ಎರಡನೆಯದು ಸುಳ್ಳು ಆದಾಗ ಮಾತ್ರ ಇಡೀ ವಾಕ್ಯ ಸುಳ್ಳು. ಬೇರೆ ಎಲ್ಲ ಸಂದರ್ಭದಲ್ಲೂ ನಿಜ. ಹಾಗಾಗಿ ಮೊದಲ ಭಾಗ ನಡೆಯದ ಮಾತಾದರೆ, ಮುಂದೆ ಏನು ಬೇಕಾದರೂ ಹೇಳಬಹುದು. 'ನನಗೆ ರೆಕ್ಕೆ ಇದ್ದರೆ ಚಂದ್ರ ಬೆಣ್ಣೆ ಮುದ್ದೆ' ಅನ್ನೋದೂ ಗನೈ ಲೆಕ್ಕದಲ್ಲಿ ನಿಜವೇ, ಯಾಕಂದರೆ ನನಗೆ ರೆಕ್ಕೆ ಇಲ್ಲ. ಮನುಷ್ಯರು 'ಬಂದಿದ್ದರೆ', 'ಹೋಗಿದ್ದರೆ' ಅಂತ ಮಾತಾಡುವಾಗ ಇಷ್ಟು ಸಡಿಲ ಇರೋದಿಲ್ಲ.

ಅದಕ್ಕೇ ದಹಿ ಬೇಕು. (ಹಿಂದಿಯ ಮೊಸರಿಗೂ ಇದಕ್ಕೂ ನಂಟಿಲ್ಲ. ನೆನಪಿಗೆ ಮಾತ್ರ ಅನುಕೂಲ.) ದಹಿ ಅಂದರೆ 'ಅಂದುಕೊಳ್ಳೋಣ, ಒಂದು ವೇಳೆ'. ಅದರ ಎದುರಿನದು ದಹಿನೈ, 'ವಾಸ್ತವವಾಗಿ'.

ಗನೈ ದಹಿ ಶರ್ವಿ ಗಿ ಮಿ ಸ್ತಲಿ. ಒಂದು ವೇಳೆ ಮಳೆ ಬಂತು ಅಂದುಕೊಂಡರೆ, ಇಲ್ಲೇ ಇರ್ತೀನಿ.
ಗನೈ ದಹಿನೈ ಶರ್ವಿ ಗಿ ಮಿ ಸ್ತಲಿ. ನಿಜವಾಗಿ ಮಳೆ ಬರ್ತಿದ್ದರೆ, ಇಲ್ಲೇ ಇರ್ತೀನಿ.

ಮೊದಲನೆಯದರಲ್ಲಿ ನಾವು ಮನಸ್ಸಲ್ಲಿ ಕಟ್ಟಿಕೊಂಡ ಒಂದು ಲೋಕದ ಮಾತು. ಎರಡನೆಯದು ಈ ಲೋಕದ್ದೇ. ಕಿಟಕಿಯಿಂದ ಇನ್ನೂ ನೋಡಿಲ್ಲ, ಅಷ್ಟೇ. 'ಮಳೆ ಬಂದಿದ್ದರೆ ಇಲ್ಲೇ ಇರ್ತಿದ್ದೆ' ಅನ್ನೋಕೆ ಕಾಲವನ್ನು ಸೇರಿಸಿ: 'ಗನೈ ದಹಿ ಪು ಶರ್ವಿ ಗಿ ಮಿ ಪು ಸ್ತಲಿ.' ಕನ್ನಡದಲ್ಲಿ 'ಇದ್ದರೆ' ಮತ್ತು 'ಇರ್ತಿದ್ದೆ' ಕೂಡಿ ಕಾಲವನ್ನೂ ಕಲ್ಪನೆಯನ್ನೂ ಒಟ್ಟಿಗೆ ಹೊರುತ್ತವೆ. ಇಲ್ಲಿ ಪು ಕಾಲವನ್ನು ಹೊರುತ್ತೆ, ದಹಿ ಕಲ್ಪನೆಯನ್ನು. ಅನುವಾದ ಮಾಡುವಾಗ ಬಂದಿದ್ದರೆ ಅನ್ನೋದನ್ನು ಹೀಗೆ ಎರಡಾಗಿ ಸೀಳೋದನ್ನು ಕೈಗೆ ಹಚ್ಚಿಕೊಳ್ಳಿ.

ಇನ್ನೊಂದು ದಾರಿಯೂ ಇದೆ. ಕೆಲವರು ಮುಹೆಯ್ ಎಂಬ ಪ್ರಾಯೋಗಿಕ ಪದವನ್ನು ಬಳಸ್ತಾರೆ. 1997ರ ವ್ಯಾಕರಣದಲ್ಲಿ ಅದಿಲ್ಲ. ಅದು ಇರಬಹುದಾದ ಲೋಕಗಳನ್ನೇ ಎಣಿಸುತ್ತೆ: 'ರೊ ಮುಹೆಯ್' ಅಂದರೆ ಹಾಗಾಗುವ ಎಲ್ಲ ಲೋಕಗಳಲ್ಲಿ, 'ನೊ ಮುಹೆಯ್' ಅಂದರೆ ಒಂದರಲ್ಲೂ ಇಲ್ಲ. ಮೊದಲ ತಿಂಗಳು ಇದರ ತಂಟೆಗೆ ಹೋಗಬೇಡಿ. ದಹಿ ಸಾಕು.

ಹೆಜ್ಜೆ 5: ಮನಸ್ಸಿನ ಪದಗಳು ವಾಕ್ಯವನ್ನು ಹೇಗೆ ತಿರುಗಿಸ್ತಾವೆ

ಲೋಜ್ಬಾನ್‌ನಲ್ಲಿ ಭಾವನೆ ಹೇಳುವ ಚಿಕ್ಕ ಪದಗಳು ಬೇಕಾದಷ್ಟಿವೆ. ಅವನ್ನು ಸಾಲಾಗಿ ಬಾಯಿಪಾಠ ಮಾಡೋದಕ್ಕಿಂತ ಎರಡು ಗುಂಪು ಮಾಡಿಕೊಳ್ಳಿ.

ಒಂದು ಗುಂಪು ವಾಕ್ಯದ ನಿಜವನ್ನು ಮುಟ್ಟೋದಿಲ್ಲ. ವಿ ಅಂದರೆ ಖುಷಿ. 'ವಿ ದೊ ಕ್ಲಮ': ನೀನು ಬರ್ತಿದ್ದೀಯ, ನನಗೆ ಖುಷಿ (ಕ್ಲಮ ಅಂದರೆ ಬರು, ಹೋಗು ಎರಡೂ). ಬರೋದು ನಿಜ, ಖುಷಿ ಅದರ ಮೇಲೆ ಚಿಮುಕಿಸಿದ್ದು.

ಇನ್ನೊಂದು ಗುಂಪು ವಾಕ್ಯವನ್ನೇ ಆಸೆಯ ಲೋಕಕ್ಕೆ ಎತ್ತಿಕೊಂಡು ಹೋಗುತ್ತೆ. ಅಹೊ ಅಂದರೆ ಭರವಸೆ. 'ಅಹೊ ದೊ ಕ್ಲಮ': ನೀನು ಬರ್ತೀಯ ಅಂದುಕೊಂಡಿದ್ದೀನಿ. ಬರ್ತೀಯ ಅಂತ ನಾನು ಹೇಳಲಿಲ್ಲ. ಔ ಅಂದರೆ ಆಸೆ: ನೀನು ಬಂದರೆ ಚೆನ್ನ. ಐ ಅಂದರೆ ನಿರ್ಧಾರ: 'ಐ ಮಿ ಕ್ಲಮ', ಹೋಗಬೇಕು ಅಂತಿದ್ದೀನಿ. ನೋಡೋಕೆ ವಾಕ್ಯ ಒಂದೇ. ಮುಂದಿನ ಒಂದು ಉಸಿರಿನ ಪದ ಬದಲಾದರೆ ನಡೆದದ್ದು ನಡೆಯದ್ದಾಗುತ್ತೆ. ಎಲ್ಲ ಪದಗಳೂ ಇಷ್ಟು ಶುಚಿಯಾಗಿ ಎರಡು ಗುಂಪಿಗೆ ಬೀಳೋದಿಲ್ಲ. ಅನುಮಾನ ಬಂದಾಗ ಶಹ ಅಥವಾ ದಹಿ ಸೇರಿಸಿಬಿಡಿ.

ಇವುಗಳ ಪಕ್ಕದಲ್ಲೇ 'ನನಗೆ ಹೇಗೆ ಗೊತ್ತು' ಅಂತ ಹೇಳುವ ಪದಗಳಿವೆ. ಇಂಗ್ಲಿಷ್‌ನಿಂದ ಬರೋರಿಗೆ ಇದು ವಿಚಿತ್ರ ಅನ್ನಿಸಬಹುದು. ನಮಗೆ ಮನೆ ಮಾತು. 'ಮಳೆ ಬಂತಂತೆ' ಅಂತೀವಲ್ಲ, ಆ 'ಅಂತೆ'ಯೇ ತಿಹೆ: 'ತಿಹೆ ಶರ್ವಿ'. ಕಣ್ಣಾರೆ ನೋಡಿದರೆ ಜ಼ಹ: 'ಜ಼ಹ ಶರ್ವಿ'. ಹಾಗಂತ ಇವನ್ನು ಶಹ, ದಹಿಗಳ ಜೊತೆ ಕಲಸಬೇಡಿ. ತಿಹೆ ಅಂದರೆ ಮಳೆ ಕಲ್ಪನೆಯದು ಅಂತಲ್ಲ. ಮಾತು ಬಂದ ದಾರಿಯನ್ನು ಮಾತ್ರ ಅದು ತೋರಿಸುತ್ತೆ.

ಹೆಜ್ಜೆ 6: ಇಲ್ಲದ ವಸ್ತುವನ್ನು ಹುಡುಕುವಾಗ

ಇದು ಚಿಕ್ಕ ಹೆಜ್ಜೆ. 'ಒಂದು ಬೆಕ್ಕು ಹುಡುಕ್ತಿದ್ದೀನಿ' ಅಂದಾಗ ಆ ಬೆಕ್ಕು ಎಲ್ಲೋ ಇದೆಯಾ, ಅಥವಾ ಯಾವುದಾದರೂ ಸರಿಯಾ? ಲೋಜ್ಬಾನ್‌ನ ಹುಡುಕು ಪದ ಸಿಸ್ಕು. ಅದರ ಪಕ್ಕದ ಜಾಗದಲ್ಲಿ ವಸ್ತು ಬರೋದಿಲ್ಲ, ಗುಣ ಬರುತ್ತೆ: 'ಮಿ ಸಿಸ್ಕು ಲೊ ಕ ಶೆಹು ಮ್ಲತು', ಬೆಕ್ಕು ಆಗಿರುವ ಗುಣವುಳ್ಳದ್ದನ್ನು ಹುಡುಕ್ತಿದ್ದೀನಿ (ಕ ಅಂದರೆ ಗುಣ, ಶೆಹು ಆ ಗುಣ ಇರುವುದರ ಖಾಲಿ ಜಾಗ). ಅಂಥದ್ದು ಲೋಕದಲ್ಲೇ ಇಲ್ಲದಿದ್ದರೂ ನಾನು ಹುಡುಕ್ತಿರೋದು ನಿಜವಾಗೇ ಉಳಿಯುತ್ತೆ.

ಹೆಜ್ಜೆ 7: ಕಟ್ಟಿದ ವಾಕ್ಯವನ್ನು ಪರೀಕ್ಷಿಸಿ

ಶಮ್ಖೆಸ್ ಎಂಬ ಪಾರ್ಸರ್, ಅಂದರೆ ವಾಕ್ಯದ ವ್ಯಾಕರಣವನ್ನು ಬಿಡಿಸುವ ತಂತ್ರಾಂಶ, ಪುಕ್ಕಟೆ ಸಿಗುತ್ತೆ. ವಾಕ್ಯ ಹಾಕಿದರೆ ಯಾವುದು ಯಾವುದರೊಳಗೆ ಕೂತಿದೆ ಅಂತ ತೋರಿಸುತ್ತೆ. ಪೆನ್ಸಿಲ್‌ನಲ್ಲಿ ಸುತ್ತು ಹಾಕಿದಿರಲ್ಲ, ಅದು ಸರಿಯಾ ಅಂತ ಇಲ್ಲಿ ನೋಡಿಕೊಳ್ಳಿ. ವ್ಯಾಕರಣ ಸರಿ ಇದ್ದ ಮಾತ್ರಕ್ಕೆ ಅರ್ಥವೂ ಸರಿ ಅಂತಲ್ಲ. ಶಹ ಬೇಕಾದ ಕಡೆ ಶ ಹಾಕಿದ್ದರೆ ಅದು ಸುಮ್ನೆ ಒಪ್ಪಿಕೊಂಡುಬಿಡುತ್ತೆ.

ಈಗ ಮತ್ತೆ ಅಡುಗೆಮನೆಗೆ ಬನ್ನಿ. ಈ ಸಲ ತುದಿಯಲ್ಲಿರೋದು ಸ್ಟೀಲ್ ಲೋಟ.

"ಲೋಟ ಬಿದ್ದೀತು ಅಂತ ಹೆದರಿದ್ದೆ. ಬಿದ್ದೇಬಿಡ್ತು, ಬೆಕ್ಕು ಜಿಗಿದಿದ್ದಕ್ಕೆ. ಸದ್ಯ, ಒಡೀಲಿಲ್ಲ. ಗಾಜಿನದಾಗಿದ್ದರೆ ಒಡೀತಿತ್ತು."

ಒಂದೊಂದೇ ಬಿಡಿಸೋಣ. ಹೆದರಿಕೆ ಆಗಿಹೋದದ್ದು, ಹಾಗಾಗಿ ಪು. ಬೀಳೋದು ಆಗ ಇನ್ನೂ ಹೆಸರು ಮಾತ್ರ, ಹಾಗಾಗಿ ನು ಒಳಗೆ:
ಮಿ ಪು ತೆರ್ಪ ಲೊ ನು ಲೊ ಕಬ್ರಿ ಶು ಫರ್ಲು.

'ಬಿದ್ದೇಬಿಡ್ತು' ಅನ್ನೋದರಲ್ಲಿ ಒಂದು ಒತ್ತು ಇದೆ. ಅಂಜಿದ್ದು ನಿಜವಾಯ್ತು. ಅದಕ್ಕೆ ಶಹ. ಬೆಕ್ಕು ಜಿಗಿದದ್ದೂ ಕಣ್ಣೆದುರೇ ಆದದ್ದು, ಹಾಗಾಗಿ ಮೂರನೆಯ ಬಗೆಯ ಕಾರಣ:
ಇ ಲೊ ಕಬ್ರಿ ಪು ಶಹ ಫರ್ಲು ಇ ರಿಹ ಬೊ ಲೊ ಮ್ಲತು ಪು ಪ್ಲಿಪೆ.

'ಸದ್ಯ'ಕ್ಕೆ ಸರಿಸಾಟಿ ಪದ ನನಗೆ ಸಿಕ್ಕಿಲ್ಲ. ಖುಷಿಯ ವಿ ಹಾಕ್ತೀನಿ, ಅದು ನಿಜವನ್ನು ಮುಟ್ಟದ ಗುಂಪಿನದು:
ಇ ವಿ ಲೊ ಕಬ್ರಿ ನ ಪು ಪೊರ್ಪಿ.

ಕೊನೆಯದು ನಡೆಯದ ಲೋಕ. ಗಾಜಿಗೆ ಬ್ಲಶಿ. ಕಾಲಕ್ಕೆ ಪು, ಕಲ್ಪನೆಗೆ ದಹಿ:
ಇ ಗನೈ ದಹಿ ಲೊ ಕಬ್ರಿ ಪು ಬ್ಲಶಿ ಗಿ ಲೊ ಕಬ್ರಿ ಪು ಪೊರ್ಪಿ.

ಇದರಿಂದ ದಹಿಯನ್ನು ತೆಗೆದು ಇನ್ನೊಮ್ಮೆ ಓದಿ. ವಾಕ್ಯ ಈಗಲೂ ನಿಜವೇ, ಆದರೆ ಲೋಟ ಸ್ಟೀಲಿನದು ಅನ್ನೋ ಒಂದೇ ಕಾರಣಕ್ಕೆ. ಗಾಜಿನ ಬಗ್ಗೆ ಅದು ಏನನ್ನೂ ಹೇಳ್ತಿಲ್ಲ.